ಮಗುವಿನ ಹಲ್ಲಿಗೂ ಶಾಲೆಯ ಬೀದಿಗೂ ಏನು ಸಂಬಂಧ?

ಜುಲೈ ತಿಂಗಳ ಒಂದು ಸಂಜೆ. ಮುಂಬೈನ ಆಂಟಾಪ್ ಹಿಲ್‌ನ ನಮ್ಮ ಚಾಳಿನಲ್ಲಿ, ಅಂದರೆ ವಠಾರದಲ್ಲಿ, ಮೂರು ಮನೆ ಆಚೆ ಇರುವ ಹೆಂಗಸು ಒಂದು ಚೀಟಿ ಹಿಡಿದುಕೊಂಡು ಬಂದರು. ವಿಜಯಪುರದ ಕಡೆಯವರು. ಗಂಡ ಕಟ್ಟಡದಲ್ಲಿ ನೆಲಕ್ಕೆ ಫರ್ಶಿ ಕೂರಿಸುವ ಕೆಲಸ ಮಾಡುತ್ತಾರೆ. ಇವರು ಎರಡು ಬಿಲ್ಡಿಂಗಿನಲ್ಲಿ ಮನೆಗೆಲಸ ಮಾಡುತ್ತಾರೆ. ಮಗಳು ಪಾಲಿಕೆಯ ಕನ್ನಡ ಶಾಲೆಯಲ್ಲಿ ಒಂದನೇ ಕ್ಲಾಸು. ಶಾಲೆಗೆ ಆರೋಗ್ಯ ತಪಾಸಣೆಯವರು ಬಂದಿದ್ದರಂತೆ. ಚೀಟಿ ಮರಾಠಿಯಲ್ಲಿತ್ತು.

"ಅಕ್ಕಾರ, ಇದ್ರಾಗ ಏನ್ ಬರದಾರ ನೋಡ್ರಿ."

ಮೂರು ಹಲ್ಲು ಹುಳುಕಾಗಿವೆ, ಹಲ್ಲಿನ ಡಾಕ್ಟರಿಗೆ ತೋರಿಸಿ ಅಂತ ಬರೆದಿತ್ತು. ಓದಿ ಹೇಳಿದೆ. ಅವರ ಮುಖ ಹಗುರಾಯಿತು.

"ಹಲ್ಲೇನ್ರಿ? ನಾ ಏನೋ ಅಂತ ಅಂಜಿದ್ದೆ. ಬೀಳೂ ಹಲ್ಲು, ಬಿಡ್ರಿ."

ಹೊರಟವರು ಬಾಗಿಲಲ್ಲಿ ನಿಂತು ಇನ್ನೊಂದು ಮಾತು ಕೇಳಿದರು. ಊರಲ್ಲಿರುವ ಅವರ ಅಕ್ಕನ ಮಕ್ಕಳ ಹಲ್ಲಿನ ಮೇಲೆ ಕಂದು ಕಲೆ ಇದೆ, ತೂತಿಲ್ಲ. ಇಲ್ಲೇ ಹುಟ್ಟಿ ಬೆಳೆದ ಇವರ ಮಗಳ ಹಲ್ಲು ಬೆಳ್ಳಗಿದೆ, ಆದರೆ ತೂತು ಬಿದ್ದಿದೆ. ಒಂದೇ ಮನೆತನದ ಮಕ್ಕಳು. "ಹಿಂಗ್ಯಾಕ್ರಿ?"

ಆ ಪ್ರಶ್ನೆಗೆ ಒಂದೇ ಮಾತಿನಲ್ಲಿ ಉತ್ತರ ಹೇಳಲು ಆಗಲಿಲ್ಲ. ಈ ಬರಹ ಅದಕ್ಕೆ ನಿಧಾನವಾಗಿ ಕೊಡುತ್ತಿರುವ ಉತ್ತರ. ಮಗುವಿನ ಹಲ್ಲು ಹಾಳಾದರೆ ನಾವು ಮೊದಲು ಮಗುವನ್ನು ಬೈಯುತ್ತೇವೆ, ಆಮೇಲೆ ತಾಯಿಯನ್ನು. ಆದರೆ ಮಗು ಯಾವ ಬೀದಿಯಲ್ಲಿ ಬೆಳೆಯುತ್ತದೆ, ಶಾಲೆಯ ಗೇಟಿನ ಹೊರಗೆ ಏನು ಮಾರುತ್ತಾರೆ, ನಳ್ಳಿಯಲ್ಲಿ ಯಾವಾಗ ನೀರು ಬರುತ್ತದೆ, ಇವೆಲ್ಲ ಬಾಯೊಳಗೆ ಬಂದು ಕೂರುತ್ತವೆ. ಹೇಗೆ ಅಂತ ನೋಡೋಣ.

ಹುಳವಲ್ಲ, ಹುಳಿ

ನಾವು ಹುಳುಕು ಹಲ್ಲು ಅನ್ನುತ್ತೇವೆ. ಮರಾಠಿಯವರೂ ಹಲ್ಲಿಗೆ ಕೀಡ ಹತ್ತಿದೆ ಅಂತಾರೆ. ಎರಡೂ ಭಾಷೆಯಲ್ಲಿ ಹುಳವೇ ಕಳ್ಳ. ಆದರೆ ಹಲ್ಲಿನೊಳಗೆ ಹುಳ ಇರುವುದಿಲ್ಲ. ಹಲ್ಲನ್ನು ತಿನ್ನುವುದು ಹುಳಿ, ಅಂದರೆ ಆಮ್ಲ.

ಬೆಳಿಗ್ಗೆ ಎದ್ದಾಗ ಹಲ್ಲಿನ ಮೇಲೆ ನಾಲಿಗೆ ಆಡಿಸಿದರೆ ಒಂದು ಲೋಳೆ ಪದರ ಸಿಗುತ್ತದಲ್ವಾ? ಅದರಲ್ಲಿ ಕಣ್ಣಿಗೆ ಕಾಣದ ಕೋಟ್ಯಂತರ ಬ್ಯಾಕ್ಟೀರಿಯಾ ಇರುತ್ತವೆ. ನಾವು ಸಕ್ಕರೆ ತಿಂದರೆ ಅವೂ ತಿನ್ನುತ್ತವೆ. ತಿಂದು ಹುಳಿಯನ್ನು ಹೊರಗೆ ಬಿಡುತ್ತವೆ. ಆ ಹುಳಿ ಹಲ್ಲಿನ ಮೇಲ್ಪದರವಾದ ಎನಾಮೆಲ್ ಅನ್ನು ಕರಗಿಸುತ್ತದೆ. ಎನಾಮೆಲ್ ನಮ್ಮ ಮೈಯಲ್ಲೇ ತುಂಬಾ ಗಟ್ಟಿಯಾದ ವಸ್ತು. ಅದು ಹೆಚ್ಚೂಕಡಿಮೆ ಕ್ಯಾಲ್ಸಿಯಂ ಮತ್ತು ಫಾಸ್ಫೇಟ್‌ನಿಂದ ಆದದ್ದು. ಅಡುಗೆಕಟ್ಟೆಯ ಮಾರ್ಬಲ್ ಮೇಲೆ ನಿಂಬೆರಸ ಬಿದ್ದು ಒರೆಸದೆ ಬಿಟ್ಟರೆ ಅಲ್ಲಿ ಹೊಳಪು ಹೋಗುತ್ತದೆ. ಕಲ್ಲು ಗಟ್ಟಿಯೇ, ಆದರೂ ಹುಳಿಗೆ ಸೋಲುತ್ತದೆ. ಹಲ್ಲಿನ ಕತೆಯೂ ಅದೇ.

ಹುಳಿ ಎಷ್ಟಿದೆ ಅಂತ ಹೇಳಲು ಪಿಎಚ್ ಎಂಬ ಅಳತೆ ಇದೆ. 7 ಅಂದರೆ ಶುದ್ಧ ನೀರಿನ ಹಾಗೆ, ಹುಳಿಯಿಲ್ಲ. ಅಂಕಿ ಇಳಿದಷ್ಟೂ ಹುಳಿ ಜಾಸ್ತಿ. ಬಾಯಿಯ ಪಿಎಚ್ ಸುಮಾರು 5.5ಕ್ಕಿಂತ ಕೆಳಗೆ ಹೋದರೆ ಎನಾಮೆಲ್ ಕರಗಲು ಶುರುವಾಗುತ್ತದೆ.

ಒಳ್ಳೆಯ ಸುದ್ದಿಯೂ ಇದೆ. ನಮ್ಮ ಜೊಲ್ಲಿನಲ್ಲಿ ಕ್ಯಾಲ್ಸಿಯಂ, ಫಾಸ್ಫೇಟ್ ಎರಡೂ ಇರುತ್ತವೆ. ಜೊಲ್ಲು ಹುಳಿಯನ್ನು ತೊಳೆದು, ಕರಗಿದ ಜಾಗಕ್ಕೆ ಮತ್ತೆ ಖನಿಜ ತುಂಬುತ್ತದೆ. ಮೊದಲು ಹಲ್ಲಿನ ಮೇಲೆ ಸುಣ್ಣದಂಥ ಮಂಕು ಬಿಳಿ ಮಚ್ಚೆ ಕಾಣುತ್ತದೆ. ಆಗ ಜಾಗ್ರತೆ ವಹಿಸಿದರೆ ಆ ಮಚ್ಚೆ ಗಟ್ಟಿಯಾಗಿ ಅಲ್ಲೇ ನಿಲ್ಲಬಹುದು. ತೂತು ಬಿದ್ದ ಮೇಲೆ ಮಾತ್ರ ಅದು ತಾನಾಗಿ ಮುಚ್ಚುವುದಿಲ್ಲ.

ಎಷ್ಟು ತಿಂದಳು ಅನ್ನುವುದಕ್ಕಿಂತ ಎಷ್ಟು ಸಲ

ಇಡೀ ವಿಷಯದ ಕೀಲಿ ಇಲ್ಲಿದೆ. ಆದ್ದರಿಂದ ಇಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತೇನೆ.

1940ರ ದಶಕದಲ್ಲಿ ಅಮೆರಿಕದ ಸ್ಟೀಫನ್ ಎಂಬ ವಿಜ್ಞಾನಿ, ಸಕ್ಕರೆ ನೀರಲ್ಲಿ ಬಾಯಿ ಮುಕ್ಕಳಿಸಿದ ಮೇಲೆ ಹಲ್ಲಿನ ಪದರದ ಪಿಎಚ್ ಏನಾಗುತ್ತದೆ ಅಂತ ಅಳೆದರು. ಕೆಲವೇ ನಿಮಿಷಗಳಲ್ಲಿ ಅದು ಸರ್ರನೆ ಇಳಿಯಿತು. ಮತ್ತೆ ಮೇಲೆ ಬರಲು ಅರ್ಧ ಗಂಟೆಯಿಂದ ಒಂದು ಗಂಟೆಯ ತನಕ ಬೇಕಾಯಿತು. ಸಿಹಿ ಒಂದು ಚೂರೇ ಇದ್ದರೂ ಈ ಇಳಿತ ತಪ್ಪುವುದಿಲ್ಲ.

ಮುಂಬೈ ಮಳೆಗಾಲದಲ್ಲಿ ಬಟ್ಟೆ ಒಣಗಿಸುವ ಪಾಡು ಎಲ್ಲರಿಗೂ ಗೊತ್ತು. ಬೆಳಿಗ್ಗೆ ಒಂದು ಗಂಟೆ ಜೋರು ಮಳೆ ಬಂದು ಆಮೇಲೆ ಬಿಸಿಲು ಬಿದ್ದರೆ ಸಂಜೆಗೆ ಬಟ್ಟೆ ಒಣಗುತ್ತದೆ. ಅದೇ ಅರ್ಧ ಗಂಟೆಗೊಮ್ಮೆ ಸುಮ್ನೆ ತುಂತುರು ಹನಿದರೆ? ಬಿದ್ದ ನೀರು ಕಡಿಮೆಯೇ. ಆದರೂ ಬಟ್ಟೆ ದಿನವಿಡೀ ಒದ್ದೆ, ರಾತ್ರಿಗೆ ಮುಗ್ಗಲು ವಾಸನೆ. ಹಲ್ಲಿಗೂ ಒಣಗುವ ಬಿಡುವು ಬೇಕು. ನಾಲ್ಕು ಚಾಕಲೇಟನ್ನು ಊಟದ ಜೊತೆ ಒಟ್ಟಿಗೆ ತಿಂದ ಮಗುವಿನ ಹಲ್ಲಿಗೆ ಒಂದು ಸಲ ಏಟು ಬೀಳುತ್ತದೆ. ಅದೇ ನಾಲ್ಕನ್ನು ಬೆಳಿಗ್ಗೆಯಿಂದ ಸಂಜೆಯ ತನಕ ನಾಲ್ಕು ಸಲ ಚೀಪಿದರೆ ನಾಲ್ಕು ಏಟು.

ಇದನ್ನು ತೋರಿಸಿದ ಹಳೆಯ ಪ್ರಯೋಗ ಸ್ವೀಡನ್ನಿನ ವಿಪೆಹೋಮ್ ಆಸ್ಪತ್ರೆಯದು. 1945ರಿಂದ ಕೆಲವು ವರ್ಷ ನಡೆಯಿತು. ಊಟದ ಜೊತೆ ಸಕ್ಕರೆ ಕೊಟ್ಟವರಿಗೆ ಹುಳುಕು ಅಷ್ಟಾಗಿ ಏರಲಿಲ್ಲ. ಊಟಗಳ ನಡುವೆ ಅಂಟು ಟಾಫಿ ಕೊಟ್ಟವರ ಹಲ್ಲುಗಳು ಹಾಳಾದವು. ಅವರೆಲ್ಲ ಬುದ್ಧಿಬೆಳವಣಿಗೆ ಕುಂಠಿತವಾದ, ಒಪ್ಪಿಗೆ ಹೇಳಲು ಸಾಧ್ಯವಿಲ್ಲದ ರೋಗಿಗಳು. ಆ ಪ್ರಯೋಗ ಇಂದು ಯಾರೂ ಒಪ್ಪದ ಅನ್ಯಾಯ. ಅದರಿಂದ ಬಂದ ತಿಳಿವಳಿಕೆ ಮಾತ್ರ ಉಳಿದಿದೆ, ಅದನ್ನಾದರೂ ಮಕ್ಕಳ ಒಳ್ಳೆಯದಕ್ಕೆ ಬಳಸಬೇಕು.

ಈಗ ನಮ್ಮ ಪಕ್ಕದ ಮನೆಯ ಹುಡುಗಿಯ ದಿನ ನೋಡಿ. ಬೆಳಗಿನ ಪಾಳಿಯ ಶಾಲೆ. ಆರೂವರೆಗೆ ಸಕ್ಕರೆ ಹಾಕಿದ ಚಾ, ಅದರಲ್ಲಿ ಅದ್ದಿದ ಬಿಸ್ಕತ್ತು. ಬಿಡುವಿನಲ್ಲಿ ಗೆಳತಿ ಕೊಟ್ಟ ಪೆಪ್ಪರಮಿಂಟು. ಮಧ್ಯಾಹ್ನ ಶಾಲೆಯ ಖಿಚಡಿ, ಅದರಿಂದ ತೊಂದರೆಯಿಲ್ಲ. ಮನೆಗೆ ಬರುವಾಗ ಗೇಟಿನ ಹತ್ತಿರ ಬಣ್ಣದ ಐಸ್ ಕ್ಯಾಂಡಿ. ನಾಲ್ಕಕ್ಕೆ ಚಾ, ಖಾರಿ ಬಿಸ್ಕತ್ತು. ಅಮ್ಮ ಬರುವ ತನಕ ಹಸಿವು ತಡೆಯಲು ಐದು ರೂಪಾಯಿಯ ಕ್ರೀಮ್ ಬಿಸ್ಕತ್ತು. ರಾತ್ರಿ ದಣಿದು ಬಂದ ಅಪ್ಪನ ಜೇಬಿನಲ್ಲಿ ಒಂದು ಚಾಕಲೇಟು. ಒಟ್ಟು ಆರು ಸಲ. ಎಲ್ಲವನ್ನೂ ಸೇರಿಸಿದರೂ ಒಂದು ಸಣ್ಣ ತಟ್ಟೆ ತುಂಬುವುದಿಲ್ಲ. ಹುಡುಗಿ ಆಸೆಬುರುಕಿಯೂ ಅಲ್ಲ. ಆದರೆ ಹಲ್ಲಿಗೆ ಆರು ತುಂತುರು.

ಈ ಆರು ಸಲವನ್ನು ಯಾರು ಗೊತ್ತು ಮಾಡಿದರು? ಶಾಲೆಯ ಪಾಳಿ, ತಾಯಿಯ ಕೆಲಸದ ಹೊತ್ತು, ದಾರಿಯಲ್ಲಿರುವ ಗಾಡಿ, ಕೆಳಗಿನ ಕಿರಾಣಿ ಅಂಗಡಿ. ಬೀದಿ ಬಾಯೊಳಗೆ ಬರುವುದು ಹೀಗೆ.

ಬೀದಿಯ ಪಾಲು, ಮನೆಯ ಪಾಲು

ಬಡ ಬಡಾವಣೆಗಳ ಮಕ್ಕಳಲ್ಲಿ ಹುಳುಕು ಜಾಸ್ತಿ ಅನ್ನುವುದು ಹಲವು ದೇಶಗಳಲ್ಲಿ ಮತ್ತೆ ಮತ್ತೆ ಕಂಡಿದೆ. ಅದು ಬಡವರು ಒಂದು ಕಡೆ, ಶ್ರೀಮಂತರು ಒಂದು ಕಡೆ ಅನ್ನುವಂಥ ಗೋಡೆಯೂ ಅಲ್ಲ. ಮೆಟ್ಟಿಲಿನ ಹಾಗೆ, ಒಂದೊಂದು ಮೆಟ್ಟಿಲು ಇಳಿದಂತೆ ಹುಳುಕು ಒಂದಿಷ್ಟು ಏರುತ್ತದೆ.

ಆದರೆ ಇಲ್ಲಿ ಒಂದು ಸಿಕ್ಕು ಇದೆ. ಕಡಿಮೆ ಆದಾಯದ ಮನೆಗಳು ಕಡಿಮೆ ಸೌಕರ್ಯದ ಬೀದಿಯಲ್ಲೇ ಇರುತ್ತವೆ. ಹಾಗಾದರೆ ಹಲ್ಲು ಹಾಳಾದದ್ದು ಮನೆಯ ಕಷ್ಟದಿಂದಲೋ, ಬೀದಿಯಿಂದಲೋ? ಸಂಶೋಧಕರು ಇದನ್ನು ಬಿಡಿಸಲು, ಆದಾಯವೂ ತಂದೆತಾಯಿಯ ಓದೂ ಒಂದೇ ಮಟ್ಟದಲ್ಲಿರುವ, ಆದರೆ ಬೇರೆ ಬೇರೆ ಬಡಾವಣೆಯಲ್ಲಿರುವ ಮಕ್ಕಳನ್ನು ಹೋಲಿಸುತ್ತಾರೆ. ಹೀಗೆ ನೋಡಿದಾಗ ದೊಡ್ಡ ಪಾಲು ಮನೆಯದ್ದೇ. ಅದರ ಮೇಲೆ ಬೀದಿಯೂ ಶಾಲೆಯೂ ತಮ್ಮದೊಂದು ಪಾಲು ಸೇರಿಸುವುದು ಹಲವು ಅಧ್ಯಯನಗಳಲ್ಲಿ ಕಾಣುತ್ತದೆ. ಆ ಪಾಲು ಚಿಕ್ಕದು ನಿಜ. ಆದರೆ ಮನೆಯ ಆದಾಯವನ್ನು ಒಂದೊಂದೇ ಮನೆಯಲ್ಲಿ ಏರಿಸಬೇಕು. ಶಾಲೆಯ ಗೇಟನ್ನು ಒಂದು ಸಲ ಸರಿ ಮಾಡಿದರೆ ಸಾಕು, ಅದರ ಲಾಭ ಆ ಶಾಲೆಯ ಅಷ್ಟೂ ಮಕ್ಕಳಿಗೆ ಸಿಗುತ್ತದೆ.

ಎತ್ತರದ ಟವರುಗಳ ಮಕ್ಕಳು ತಪ್ಪಿಸಿಕೊಂಡಿದ್ದಾರೆ ಅಂತ ಅಂದುಕೊಳ್ಳಬೇಡಿ. ಅಲ್ಲಿ ಪ್ಯಾಕೆಟ್ ಜ್ಯೂಸ್ ಇದೆ, ಸಿಹಿ ಹಾಕಿದ ಹಾಲಿನ ಡಬ್ಬಿ ಇದೆ, ಹುಟ್ಟುಹಬ್ಬದ ಕೇಕ್ ವಾರಕ್ಕೊಂದು. ವ್ಯತ್ಯಾಸ ಏನೆಂದರೆ ಅವರ ತೂತಿಗೆ ಬೇಗ ಸಿಮೆಂಟ್ ಬೀಳುತ್ತದೆ. ಇವರ ತೂತು ನೋವು ಬರುವ ತನಕ ಹಾಗೇ ಇರುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ 2022ರ ವರದಿಯ ಲೆಕ್ಕದಲ್ಲಿ ಜಗತ್ತಿನಲ್ಲಿ ಹಾಲುಹಲ್ಲು ಹುಳುಕಾದ ಮಕ್ಕಳು ಸುಮಾರು 51 ಕೋಟಿ.

ಗೇಟಿನಿಂದ 50 ಮೀಟರ್

ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ 2020ರಲ್ಲಿ ಶಾಲಾ ಮಕ್ಕಳ ಆಹಾರಕ್ಕೆ ಒಂದು ನಿಯಮ ತಂದಿತು. ಕೊಬ್ಬು, ಉಪ್ಪು, ಸಕ್ಕರೆ ಅತಿಯಾಗಿರುವ ತಿಂಡಿಗಳನ್ನು ಶಾಲೆಯ ಒಳಗೂ, ಗೇಟಿನಿಂದ ಯಾವ ದಿಕ್ಕಿಗಾದರೂ 50 ಮೀಟರ್ ಒಳಗೂ ಮಕ್ಕಳಿಗೆ ಮಾರುವಂತಿಲ್ಲ, ಜಾಹೀರಾತೂ ಹಾಕುವಂತಿಲ್ಲ. ತಂಬಾಕಿಗೆ ಇದಕ್ಕಿಂತ ಹಳೆಯ ಕಾನೂನಿದೆ. 2003ರ ಕಾಯ್ದೆಯಂತೆ ಶಾಲೆ-ಕಾಲೇಜಿನ 100 ಗಜದೊಳಗೆ ತಂಬಾಕು ಮಾರಬಾರದು.

50 ಮೀಟರ್ ಅಂದರೆ ದೊಡ್ಡವರ ಹೆಜ್ಜೆಯಲ್ಲಿ ಸುಮಾರು 70. ನಿಮ್ಮ ಮಗುವಿನ ಶಾಲೆ ಬಿಡುವ ಹೊತ್ತಿಗೆ ಗೇಟಿನಿಂದ ಎಡಕ್ಕೆ 70 ಹೆಜ್ಜೆ, ಬಲಕ್ಕೆ 70 ಹೆಜ್ಜೆ ನಡೆದು ನೋಡಿ. ಬರ್ಫದ ಗೋಲಾ, ಬಣ್ಣದ ಪೆಪ್ಪರಮಿಂಟಿನ ಬರಣಿ, ತೋರಣದ ಹಾಗೆ ತೂಗುಹಾಕಿದ ಐದು ರೂಪಾಯಿ ಪ್ಯಾಕೆಟ್ಟುಗಳು, ಹತ್ತು ರೂಪಾಯಿಯ ಕೋಲಾ. ಜೊತೆಗೇ ಉಪ್ಪು ಹಚ್ಚಿದ ಪೇರಳೆ, ಹುರಿದ ಕಡಲೆ, ಶೇಂಗಾ ಮಾರುವವರೂ ಇರುತ್ತಾರೆ. ಗಾಡಿಯವರ ಮೇಲೆ ಸಿಟ್ಟಾಗಬೇಕಿಲ್ಲ. ಅವರ ಮಕ್ಕಳೂ ಅದೇ ಶಾಲೆಯಲ್ಲಿ ಓದುತ್ತಿರಬಹುದು. ನಿಯಮ ಇರುವುದು ಏನು ಮಾರಬೇಕು ಅನ್ನುವ ಬಗ್ಗೆ. ಕಡಲೆ, ಪೇರಳೆ ಮಾರುವವರನ್ನು ಗೇಟಿನ ಹತ್ತಿರ ಕೂರಿಸಿದರೆ ಯಾರ ಹೊಟ್ಟೆಯ ಮೇಲೂ ಹೊಡೆತ ಬೀಳುವುದಿಲ್ಲ.

ಎಲ್ಲ ತಿಂಡಿಯೂ ಹಲ್ಲಿಗೆ ಒಂದೇ ಅಲ್ಲ. ಅಂಟುವುದು ಕೆಟ್ಟದ್ದು. ಕ್ರೀಮ್ ಬಿಸ್ಕತ್ತು, ಟಾಫಿ ದವಡೆ ಹಲ್ಲಿನ ಸಂದಿಯಲ್ಲಿ ಕೂತು ಬಹಳ ಹೊತ್ತು ಹುಳಿ ಮಾಡಿಸುತ್ತವೆ. ಖಾರದ ಚಿಪ್ಸ್ ಸಿಹಿಯಿಲ್ಲ ಅಂತ ಬಿಡುವ ಹಾಗಿಲ್ಲ. ಅದರ ಹಿಟ್ಟೂ ಜೊಲ್ಲು ತಾಗಿ ಸಕ್ಕರೆಯಾಗುತ್ತದೆ. ಕೋಲಾದ್ದು ಎರಡು ಕಡೆಯಿಂದ ಏಟು. 200 ಎಂಎಲ್ ಬಾಟಲಿಯಲ್ಲಿ ಸುಮಾರು 20 ಗ್ರಾಂ, ಅಂದರೆ ಐದು ಚಮಚ ಸಕ್ಕರೆ. ಮೇಲಿಂದ ಅದೇ ಒಂದು ಹುಳಿ ನೀರು. ದೊಡ್ಡವರು ಕೂಡ, ತಿನಿಸಿಗೆ ಸೇರಿಸಿದ ಸಕ್ಕರೆಯನ್ನು ದಿನಕ್ಕೆ 25 ಗ್ರಾಂ ಒಳಗೆ ಇಟ್ಟುಕೊಂಡರೆ ಉತ್ತಮ ಅನ್ನುವುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಮಕ್ಕಳಿಗೆ ಇನ್ನೂ ಕಡಿಮೆ.

ಸುತ್ತಮುತ್ತ ಬದಲಾದರೆ ಹಲ್ಲು ಬದಲಾಗುತ್ತದಾ? ಬ್ರಿಟನ್ನಿನಲ್ಲಿ 2018ರ ಏಪ್ರಿಲಿನಲ್ಲಿ ಸಕ್ಕರೆ ಪಾನೀಯಗಳ ಮೇಲೆ ತೆರಿಗೆ ಬಂತು. ತೆರಿಗೆ ತಪ್ಪಿಸಲು ಕಂಪನಿಗಳೇ ಸಕ್ಕರೆ ಇಳಿಸಿದವು. ಆಮೇಲೆ ಇಂಗ್ಲೆಂಡಿನಲ್ಲಿ ಹುಳುಕು ಹಲ್ಲು ಕೀಳಿಸಲು ಆಸ್ಪತ್ರೆ ಸೇರುವ ಮಕ್ಕಳ ಸಂಖ್ಯೆ, ತೆರಿಗೆ ಇಲ್ಲದಿದ್ದರೆ ಇರುತ್ತಿದ್ದುದಕ್ಕಿಂತ ಸುಮಾರು ನೂರಕ್ಕೆ 12ರಷ್ಟು ಕಡಿಮೆಯಾಗಿದ್ದು ಕೇಂಬ್ರಿಜ್ ಸಂಶೋಧಕರಿಗೆ ಕಂಡಿತು. ಯಾವ ತಾಯಿಗೂ ಯಾರೂ ಉಪದೇಶ ಹೇಳಿರಲಿಲ್ಲ.

ನಳ್ಳಿಯ ಹೊತ್ತು, ಮೋರಿಯ ಸಾಲು

ದಿನಕ್ಕೆ ಎರಡು ಸಲ ಹಲ್ಲುಜ್ಜಿ ಅಂತ ಎಲ್ಲರೂ ಹೇಳುತ್ತಾರೆ. ಎಲ್ಲಿ ಉಜ್ಜುವುದು ಅಂತ ಯಾರೂ ಹೇಳುವುದಿಲ್ಲ.

ಚಾಳುಗಳಲ್ಲಿ ನೀರು ಬರುವುದು ದಿನಕ್ಕೆ ಕೆಲವೇ ಗಂಟೆ. ಆ ಹೊತ್ತಿಗೆ ಡ್ರಮ್ಮು ತುಂಬಬೇಕು, ಪಾತ್ರೆ, ಬಟ್ಟೆ, ಸ್ನಾನ ಎಲ್ಲ ಆಗಬೇಕು. ಒಂದೇ ಕೋಣೆಯ ಮನೆಯಲ್ಲಿ ಮೂಲೆಯ ಮೋರಿಯೇ ಬಚ್ಚಲು, ಅದೇ ಪಾತ್ರೆ ತೊಳೆಯುವ ಜಾಗ. ಅಲ್ಲಿ ಮಗುವನ್ನು ನಿಲ್ಲಿಸಿಕೊಂಡು ಎರಡು ನಿಮಿಷ ಹಲ್ಲು ಉಜ್ಜಿಸಲು ತಾಯಿಗೆ ಎಲ್ಲಿಂದ ಬಿಡುವು? ಬೆಳಿಗ್ಗೆ ಹೇಗೋ ಆಗುತ್ತದೆ. ರಾತ್ರಿ ಆಗುವುದಿಲ್ಲ. ಹಲ್ಲಿಗೆ ಬೇಕಾದದ್ದು ಮುಖ್ಯವಾಗಿ ರಾತ್ರಿಯದ್ದು. ನಿದ್ದೆಯಲ್ಲಿ ಜೊಲ್ಲು ತೀರಾ ಕಡಿಮೆಯಾಗುತ್ತದೆ, ತೊಳೆಯುವವರು ಯಾರೂ ಇರುವುದಿಲ್ಲ. ಹಾಲಿನ ಬಾಟಲಿ ಬಾಯಲ್ಲಿಟ್ಟುಕೊಂಡೇ ಮಲಗುವ ಕೂಸುಗಳ ಮುಂದಿನ ಹಲ್ಲು ಸಾಲಾಗಿ ಕರಗುವುದು ಇದೇ ಕಾರಣಕ್ಕೆ.

ಇಲ್ಲಿ ಒಂದು ವಿಷಯ ಗೊತ್ತಿದ್ದರೆ ಹೊರೆ ಇಳಿಯುತ್ತದೆ. ಹಲ್ಲುಜ್ಜಲು ನಳ್ಳಿ ಬೇಕಾಗಿಲ್ಲ. ಉಜ್ಜಿದ ಮೇಲೆ ಪೇಸ್ಟನ್ನು ಉಗಿದರೆ ಸಾಕು. ನೀರು ಹಾಕಿ ಮುಕ್ಕಳಿಸದಿದ್ದರೇ ಒಳ್ಳೆಯದು, ಪೇಸ್ಟಿನಲ್ಲಿರುವ ಮದ್ದು ಹಲ್ಲಿನ ಮೇಲೆ ಉಳಿಯುತ್ತದೆ. ಬ್ರಷ್ ತೊಳೆಯಲು ಅರ್ಧ ಲೋಟ ನೀರಾದರೆ ಆಯಿತು. ಮೂರು ವರ್ಷದೊಳಗಿನ ಮಗುವಿಗೆ ಅಕ್ಕಿಕಾಳಿನಷ್ಟು ಪೇಸ್ಟ್, ಆಮೇಲೆ ಆರರ ತನಕ ಬಟಾಣಿಯಷ್ಟು. ಏಳೆಂಟು ವರ್ಷದ ತನಕ ದೊಡ್ಡವರೇ ಉಜ್ಜಬೇಕು, ಇಲ್ಲವೇ ಪಕ್ಕದಲ್ಲಿ ನಿಂತು ನೋಡಬೇಕು.

ಪೇಸ್ಟಿನ ಮದ್ದು ಮಾಡುವ ಕೆಲಸ ಇದ್ದಿಲು ಪುಡಿಯಿಂದ ಆಗುವುದಿಲ್ಲ. ಹೆಚ್ಚಿನ ಹಲ್ಲುಪುಡಿಗಳಿಂದಲೂ ಆಗುವುದಿಲ್ಲ, ಅವುಗಳಲ್ಲಿ ಆ ಮದ್ದು ಇರುವುದಿಲ್ಲ. ಮಹಾರಾಷ್ಟ್ರದ ಬಸ್ತಿಗಳಲ್ಲಿ ಇನ್ನೂ ಬಳಕೆಯಲ್ಲಿರುವ ಮಶೇರಿ ಅಂತೂ ಹುರಿದ ತಂಬಾಕು. ಹಲ್ಲಿನ ಪುಡಿ-ಪೇಸ್ಟುಗಳಲ್ಲಿ ತಂಬಾಕು ಹಾಕುವುದನ್ನು ಸರ್ಕಾರ 1992ರಲ್ಲೇ ನಿಷೇಧಿಸಿದೆ. ಅಜ್ಜಿ ಉಜ್ಜುವುದನ್ನು ನೋಡಿ ಮಗು ಬೆರಳು ಅದ್ದಿದರೆ ಅದು ಹಲ್ಲುಜ್ಜುವುದಲ್ಲ, ಚಟದ ಮೊದಲ ಪಾಠ.

ಊರಿನ ನೀರು, ಮುಂಬೈ ನೀರು

ಪೇಸ್ಟಿನ ಆ ಮದ್ದಿನ ಹೆಸರು ಫ್ಲೋರೈಡ್. ನಮ್ಮ ನೆರೆಯವರ ಪ್ರಶ್ನೆಗೆ ಉತ್ತರ ಅದರಲ್ಲೇ ಇದೆ.

ವಿಜಯಪುರ, ಬಾಗಲಕೋಟೆ, ರಾಯಚೂರು, ಕೊಪ್ಪಳ, ಗದಗ ಜಿಲ್ಲೆಗಳ ಹಲವು ಊರುಗಳಲ್ಲಿ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಮಿತಿ ಮೀರಿದೆ. ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು ಅನ್ನುವುದು ಲೆಕ್ಕ. ಹಲ್ಲು ದವಡೆಯೊಳಗೆ ರೂಪುಗೊಳ್ಳುವ ವರ್ಷಗಳಲ್ಲಿ, ಅಂದರೆ ಸುಮಾರು ಎಂಟರ ತನಕ, ಆ ನೀರು ಕುಡಿದರೆ ಹಲ್ಲಿನ ಮೇಲೆ ಬಿಳಿ, ಕಂದು ಕಲೆಗಳು ಬರುತ್ತವೆ. ಅದಕ್ಕೆ ಫ್ಲೋರೋಸಿಸ್ ಅಂತಾರೆ. ತೀರಾ ಜಾಸ್ತಿಯಾದರೆ ಮೂಳೆಗೂ ತೊಂದರೆ.

ಅದೇ ಫ್ಲೋರೈಡ್ ಹದವಾಗಿ ಹಲ್ಲಿನ ಮೇಲ್ಮೈಗೆ ಸಿಕ್ಕರೆ ಕಾವಲುಗಾರ. ಎನಾಮೆಲ್‌ನ ಹರಳಿನೊಳಗೆ ಸೇರಿ ಅದನ್ನು ಬಿಗಿ ಮಾಡುತ್ತದೆ. ಆಗ ಹಲ್ಲು ಕರಗಲು ಪಿಎಚ್ 5.5 ಸಾಲುವುದಿಲ್ಲ, 4.5ರ ಹತ್ತಿರ ಇಳಿಯಬೇಕು. ಅಡುಗೆಯಲ್ಲಿ ಉಪ್ಪಿನ ಹಾಗೆ: ಹದವಾದರೆ ರುಚಿ, ಕೈ ಮೀರಿದರೆ ಬಾಯಿಗಿಡಲು ಆಗುವುದಿಲ್ಲ.

ಮುಂಬೈಗೆ ನೀರು ಬರುವುದು ವಿಹಾರ್, ತುಳಸಿ, ತಾನ್ಸಾ, ಮೋಡಕ್ ಸಾಗರ, ಮೇಲಿನ ವೈತರಣಾ, ಮಧ್ಯ ವೈತರಣಾ, ಭಾತ್ಸಾ ಎಂಬ ಏಳು ಜಲಾಶಯಗಳಿಂದ. ಮಳೆಯ ನೀರು ತುಂಬಿದ ಕೆರೆಗಳು. ಬಂಡೆಯೊಳಗೆ ವರ್ಷಗಟ್ಟಲೆ ನಿಂತು ಫ್ಲೋರೈಡ್ ಹೀರಿದ ಬೋರ್‌ವೆಲ್ ನೀರಲ್ಲ. ಅಮೆರಿಕದ ಗ್ರ್ಯಾಂಡ್ ರ‍್ಯಾಪಿಡ್ಸ್ ಪಟ್ಟಣ 1945ರಿಂದ ಕುಡಿಯುವ ನೀರಿಗೆ ಹದವಾಗಿ ಫ್ಲೋರೈಡ್ ಬೆರೆಸುತ್ತಿದೆ. ನಮ್ಮಲ್ಲಿ ಆ ಪದ್ಧತಿ ಇಲ್ಲ. ಆದ್ದರಿಂದ ಮುಂಬೈ ಮಗುವಿನ ಹಲ್ಲಿಗೆ ಈ ಕಾವಲು ಸಿಗುವುದು ಮುಖ್ಯವಾಗಿ ಪೇಸ್ಟಿನಿಂದಲೇ.

ಇಲ್ಲೇ ಒಂದು ತಪ್ಪು ನಡೆಯುತ್ತದೆ. ಊರಲ್ಲಿ ಫ್ಲೋರೈಡ್‌ನಿಂದ ಹಲ್ಲು ಹಾಳಾದದ್ದನ್ನು ಕಂಡವರು ಇಲ್ಲಿಗೆ ಬಂದ ಮೇಲೂ ಆ ಪೇಸ್ಟ್ ಬೇಡ ಅನ್ನುತ್ತಾರೆ. ಅವರ ಭಯ ಊರಿಗೆ ಸರಿ. ಇಲ್ಲಿಯ ನೀರಿಗೆ ಅದು ಹೊಂದುವುದಿಲ್ಲ. ಪೇಸ್ಟಿನ ಪ್ಯಾಕೆಟ್ ಮೇಲೆ ಫ್ಲೋರೈಡ್ ಅಂತ ಬರೆದಿದೆಯಾ, 1000 ಪಿಪಿಎಂ (ಹತ್ತು ಲಕ್ಷ ಭಾಗದಲ್ಲಿ ಎಷ್ಟು ಭಾಗ ಅನ್ನುವ ಅಳತೆ) ಹತ್ತಿರ ಇದೆಯಾ ನೋಡಿ. ಮಗು ಅದನ್ನು ನುಂಗದ ಹಾಗೆ ಎಚ್ಚರ ವಹಿಸಿ.

ಆರು ವರ್ಷದ ಹಲ್ಲು

"ಬೀಳೂ ಹಲ್ಲು" ಅಂದಿದ್ದರಲ್ಲ, ಆ ಮಾತಿಗೆ ಬರೋಣ.

ಹಾಲುಹಲ್ಲು 20. ಮುಂದಿನವು ಆರೇಳು ವರ್ಷಕ್ಕೆ ಬೀಳುತ್ತವೆ ನಿಜ. ದವಡೆಯವು ಹತ್ತು-ಹನ್ನೆರಡರ ತನಕ ಇರಬೇಕು. ಒಂದನೇ ಕ್ಲಾಸಿನಲ್ಲಿ ಹಾಳಾದ ದವಡೆ ಹಲ್ಲಿನಲ್ಲಿ ಮಗು ಇನ್ನೂ ನಾಲ್ಕೈದು ವರ್ಷ ಅಗಿಯಬೇಕು. ನೋವಿದ್ದರೆ ಊಟ ಕಡಿಮೆ, ನಿದ್ದೆ ಕಡಿಮೆ, ಪಾಠದಲ್ಲಿ ಗಮನವೂ ಕಡಿಮೆ. ಹಾಲುಹಲ್ಲಿನ ಎನಾಮೆಲ್ ತೆಳ್ಳಗೆ, ಹುಳುಕು ಬೇಗ ನರದ ತನಕ ಹೋಗುತ್ತದೆ. ಬೇರಿನಲ್ಲಿ ಕೀವಾದರೆ ಕೆಳಗೆ ಬೆಳೆಯುತ್ತಿರುವ ಹೊಸ ಹಲ್ಲಿಗೂ ಪೆಟ್ಟು. ಅವಧಿಗೆ ಮೊದಲೇ ಕಿತ್ತರೆ ಪಕ್ಕದವು ವಾಲಿ, ಹೊಸ ಹಲ್ಲಿಗೆ ಜಾಗವೇ ಇಲ್ಲದಾಗುತ್ತದೆ.

ಇನ್ನೊಂದು ಮಾತು ತುಂಬಾ ಮನೆಗಳಿಗೆ ಗೊತ್ತಿಲ್ಲ. ಆರು ವರ್ಷದ ಹೊತ್ತಿಗೆ ಬಾಯಿಯ ಹಿಂದುಗಡೆ, ಕೊನೆಯ ಹಾಲುಹಲ್ಲಿನ ಹಿಂದೆ, ನಾಲ್ಕು ದೊಡ್ಡ ದವಡೆ ಹಲ್ಲು ಹುಟ್ಟುತ್ತವೆ. ಯಾವ ಹಲ್ಲೂ ಬಿದ್ದಿರುವುದಿಲ್ಲ, ಆದ್ದರಿಂದ ಬಂದದ್ದೇ ತಿಳಿಯುವುದಿಲ್ಲ. ಇವು ಹಾಲುಹಲ್ಲಲ್ಲ. ಇವು ಸಾಯುವ ತನಕ ಇರಬೇಕಾದ ಹಲ್ಲುಗಳು. ಮೇಲೆ ಆಳವಾದ ಗೀರುಗಳಿರುವುದರಿಂದ ಬಿಸ್ಕತ್ತು ಅಲ್ಲೇ ಕೂರುತ್ತದೆ. ನಾನು ಟಾರ್ಚು ಹಿಡಿದು ಆ ಹುಡುಗಿಯ ಬಾಯಿ ನೋಡಿದೆ. ಚೀಟಿಯ ಮೂರರಲ್ಲಿ ಒಂದು ಇದೇ ಹಲ್ಲು ಅಂತ ನನಗೆ ಅನಿಸಿತು.

ಶಾಲೆಯ ಅಂಗಳ

ಶಾಲೆಯ ಸುತ್ತಮುತ್ತ ಅಂದರೆ ತಿಂಡಿ ಮಾತ್ರ ಅಲ್ಲ. ಮುಂಬೈನ ಎಷ್ಟೋ ಶಾಲೆಗಳಲ್ಲಿ ಮಣ್ಣಿನ ಮೈದಾನವಿಲ್ಲ, ಕಾಂಕ್ರೀಟು ಇಲ್ಲವೇ ಪೇವರ್ ಬ್ಲಾಕ್. ನೀರು ಕುಡಿಯುವ ನಳ್ಳಿಯ ಹತ್ತಿರ ಜಾರಿಕೆ. ನೂಕಾಟದಲ್ಲಿ ಮಗು ಬಿದ್ದರೆ ಮೊದಲು ಪೆಟ್ಟು ತಿನ್ನುವುದು ಮೇಲಿನ ಮುಂದಿನ ಹಲ್ಲು.

ಖಾಯಂ ಹಲ್ಲು ಬೇರುಸಹಿತ ಕಳಚಿ ಬಿದ್ದರೆ ಎಸೆಯಬೇಡಿ. ಬೇರನ್ನು ಮುಟ್ಟದೆ ಮೇಲ್ಭಾಗ ಹಿಡಿದು ಎತ್ತಿ, ಕೊಳೆಯಿದ್ದರೆ ಒಂದು ಕ್ಷಣ ತೊಳೆದು, ಸಾಧ್ಯವಾದರೆ ವಸಡಿನ ಅದೇ ತೂತಿಗೆ ಕೂರಿಸಿ. ಆಗದಿದ್ದರೆ ತಣ್ಣನೆ ಹಾಲಿನಲ್ಲಿ ಹಾಕಿ ಅರ್ಧ ಗಂಟೆಯೊಳಗೆ ಡಾಕ್ಟರ ಹತ್ತಿರ ಓಡಿ. ಹಲ್ಲು ಮತ್ತೆ ಹಿಡಿದುಕೊಳ್ಳುವ ಸಾಧ್ಯತೆ ಇರುತ್ತದೆ. ಹಾಲುಹಲ್ಲನ್ನು ಮಾತ್ರ ಮತ್ತೆ ಕೂರಿಸಬಾರದು. ಇದನ್ನು ಶಾಲೆಯ ಎಲ್ಲ ಟೀಚರುಗಳಿಗೂ ಹೇಳಿಕೊಡಬೇಕು ಅಂತ ನನಗೆ ಬಲವಾಗಿ ಅನಿಸುತ್ತದೆ.

ಚೀಟಿ ಬಂತು, ಮುಂದೆ?

ಶಾಲೆಗೆ ಬಂದು ಮಕ್ಕಳನ್ನು ನೋಡುವ ಕೇಂದ್ರ ಸರ್ಕಾರದ ಯೋಜನೆ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ. ಅದು ಶುರುವಾದದ್ದು ನಮ್ಮ ಪಕ್ಕದಲ್ಲೇ, 2013ರ ಫೆಬ್ರವರಿಯಲ್ಲಿ ಪಾಲ್ಘರ್‌ನಲ್ಲಿ. ಅಂಗನವಾಡಿಯಲ್ಲಿ ವರ್ಷಕ್ಕೆ ಎರಡು ಸಲ, ಸರ್ಕಾರಿ ಮತ್ತು ಅನುದಾನಿತ ಶಾಲೆಗಳಲ್ಲಿ ಒಂದು ಸಲ ತಪಾಸಣೆ. ನೋಡಬೇಕಾದ ತೊಂದರೆಗಳ ಪಟ್ಟಿಯಲ್ಲಿ ಹಲ್ಲಿನ ಹುಳುಕೂ ಇದೆ. ಅನುದಾನವಿಲ್ಲದ ಖಾಸಗಿ ಶಾಲೆಯ ಮಕ್ಕಳು ಇದರೊಳಗೆ ಬರುವುದಿಲ್ಲ.

ಚೀಟಿಯಿಂದ ಹಲ್ಲಿನ ಡಾಕ್ಟರ ಕುರ್ಚಿಯ ತನಕ ಹೋಗುವುದೇ ಕಷ್ಟ. ಪಾಲಿಕೆಯ ನಾಯರ್ ದಂತ ಕಾಲೇಜು ಮುಂಬೈ ಸೆಂಟ್ರಲ್‌ನಲ್ಲಿದೆ, 1933ರಿಂದ ಇದೆ. ಸರ್ಕಾರಿ ದಂತ ಕಾಲೇಜು ಸಿಎಸ್‌ಎಂಟಿ ರೈಲು ನಿಲ್ದಾಣದ ಪಕ್ಕದ ಸೇಂಟ್ ಜಾರ್ಜ್ ಆಸ್ಪತ್ರೆಯ ಆವರಣದಲ್ಲಿದೆ. ಎರಡೂ ನಗರದ ದಕ್ಷಿಣದಲ್ಲಿ. ದೂರದ ದಹಿಸರ್‌ನಿಂದಲೋ ಮಾನ್ಖುರ್ದ್‌ನಿಂದಲೋ ಬರುವವರಿಗೆ ಒಂದು ದಿನದ ಕೂಲಿ ಹೋಯಿತು ಅಂತ ಲೆಕ್ಕ. ಹಲ್ಲಿನ ಡಾಕ್ಟರು ಎಷ್ಟು ದೂರ ಅನ್ನುವುದೂ ಬಡಾವಣೆಯ ಒಂದು ಗುಣವೇ.

ಚಿಕಿತ್ಸೆ ಅಂದರೆ ಡ್ರಿಲ್ಲೇ ಆಗಬೇಕಿಲ್ಲ. ಸಿಲ್ವರ್ ಡೈಅಮೀನ್ ಫ್ಲೋರೈಡ್ ಎಂಬ ದ್ರವವನ್ನು ಹುಳುಕಿಗೆ ಹಚ್ಚಿದರೆ ಅದು ಅಲ್ಲೇ ನಿಲ್ಲುವ ಸಾಧ್ಯತೆ ಚೆನ್ನಾಗಿದೆ. ನೋವಿಲ್ಲ, ಸೂಜಿಯಿಲ್ಲ. ಹಚ್ಚಿದ ಜಾಗ ಕಪ್ಪಾಗುತ್ತದೆ, ಅದೊಂದು ತೊಂದರೆ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಇದನ್ನು ಅಗತ್ಯ ಔಷಧಿಗಳ ಪಟ್ಟಿಗೆ ಸೇರಿಸಿತು. ಆರು ವರ್ಷದ ಹಲ್ಲಿನ ಗೀರುಗಳಿಗೆ ಸೀಲೆಂಟ್ ತುಂಬುತ್ತಾರೆ. ಫರ್ಶಿಗಳ ಸಂದಿಗೆ ಬಿಳಿ ಸಿಮೆಂಟ್ ತುಂಬುವ ಹಾಗೆ, ಕೊಳೆ ಕೂರಲು ಜಾಗ ಇರುವುದಿಲ್ಲ. ನಮ್ಮ ನೆರೆಯವರಿಗೆ ಇದು ಕೂಡಲೇ ತಿಳಿಯಿತು, ಅವರ ಯಜಮಾನರು ದಿನಾ ಮಾಡುವ ಕೆಲಸವೇ ಅದು.

ಶಾಲೆಯಲ್ಲೇ ಹಲ್ಲುಜ್ಜಿದರೆ

ಸ್ಕಾಟ್ಲೆಂಡಿನಲ್ಲಿ ಚೈಲ್ಡ್‌ಸ್ಮೈಲ್ ಎಂಬ ಯೋಜನೆ ಇದೆ. ನರ್ಸರಿ ಮಕ್ಕಳು ದಿನಾ ಶಾಲೆಯಲ್ಲೇ, ಟೀಚರ ಕಣ್ಣೆದುರಿಗೆ ಹಲ್ಲುಜ್ಜುತ್ತಾರೆ. ಬಡ ಬಡಾವಣೆಗಳಲ್ಲಿ ಮೊದಲ ಎರಡು ತರಗತಿಗಳಿಗೂ ಇದನ್ನು ಮುಂದುವರಿಸುತ್ತಾರೆ. ಎಲ್ಲರಿಗೂ ಒಂದಿಷ್ಟು, ಬೇಕಾದವರಿಗೆ ಇನ್ನಷ್ಟು. ಹುಳುಕು ಇಳಿಯಿತು, ಯೋಜನೆಗೆ ಹಾಕಿದ್ದಕ್ಕಿಂತ ಜಾಸ್ತಿ ಹಣ ಚಿಕಿತ್ಸೆಯಲ್ಲಿ ಉಳಿಯಿತು. ಅಲ್ಲಿ ಸಿಂಕ್ ಇಲ್ಲದ ಕೋಣೆಯಲ್ಲೂ ಉಜ್ಜಿ, ಟಿಶ್ಯೂ ಕಾಗದಕ್ಕೆ ಉಗಿಯುತ್ತಾರೆ.

ಫಿಲಿಪ್ಪೀನ್ಸ್ ನಮಗೆ ಇನ್ನೂ ಹತ್ತಿರದ ಮಾದರಿ. ಅಲ್ಲಿನ ಶಾಲೆಗಳಲ್ಲಿ ಅಂಗಳದಲ್ಲಿ ಉದ್ದಕ್ಕೆ ಒಂದು ಪೈಪ್ ಕಟ್ಟಿ, ಸಾಲಾಗಿ ತೂತು ಕೊರೆಯುತ್ತಾರೆ. ಒಂದು ಬಾಲ್ದಿ ನೀರಿನಲ್ಲಿ ಇಡೀ ತರಗತಿ ಕೈ ತೊಳೆದು, ಹಲ್ಲುಜ್ಜಿ ಮುಗಿಸುತ್ತದೆ. ನಮ್ಮ ಶಾಲೆಗಳಲ್ಲಿ ಖಿಚಡಿ ಊಟದ ಸಾಲು ಹೇಗೂ ಇದೆ. ಊಟದ ಹಿಂದೆಯೇ ಇನ್ನೊಂದು ಸಾಲಿಗೆ ಬೇಕಾದದ್ದು ಮಗುವಿಗೊಂದು ಬ್ರಷ್, ಹೆಸರು ಬರೆದ ಗೂಡು, ಕ್ಲಾಸಿಗೊಂದು ಪೇಸ್ಟ್ ಟ್ಯೂಬು, ಐದು ನಿಮಿಷ.

ನಮ್ಮ ನೆರೆಯವರು ಒಂದು ಬುಧವಾರ ಕೆಲಸದ ಎರಡೂ ಕಡೆ ರಜೆ ಹೇಳಿ, ಮಗಳನ್ನು ಕರೆದುಕೊಂಡು ಜಿಟಿಬಿ ನಗರ ಸ್ಟೇಷನ್ನಿನಿಂದ ಹಾರ್ಬರ್ ಲೈನಿನ ಲೋಕಲ್ ಟ್ರೇನು ಹಿಡಿದರು. ಸಿಎಸ್‌ಎಂಟಿಗೆ ಒಂದೇ ಟ್ರೇನು. ಸರ್ಕಾರಿ ದಂತ ಕಾಲೇಜಿನಲ್ಲಿ ಎರಡು ಹಾಲುಹಲ್ಲಿಗೆ ಕಪ್ಪಾಗಿಸುವ ಆ ಮದ್ದು ಹಚ್ಚಿದರು. ಮೂರನೆಯದು ಆರು ವರ್ಷದ ಹಲ್ಲೇ, ಗೀರಿನಲ್ಲಿ ಈಗಷ್ಟೇ ಶುರುವಾಗಿತ್ತು. ಅದನ್ನು ತುಂಬಿ, ಉಳಿದ ಮೂರಕ್ಕೆ ಸೀಲೆಂಟ್ ಹಾಕಿ ಕಳಿಸಿದರು. ಹುಡುಗಿ ಈಗ ಚಾಳಿನ ಮಕ್ಕಳಿಗೆಲ್ಲ ಬಾಯಿ ತೆರೆದು ಕಪ್ಪು ಹಲ್ಲು ತೋರಿಸುತ್ತಾಳೆ.

"ರಾತ್ರಿ ಎದ್ದು ಅಳೂದು ನಿಂತೈತ್ರಿ ಅಕ್ಕಾರ. ಚಾಕ್ಲೇಟ್ ತಂದ್ರ ಊಟದ್ ಜೋಡೀನ ಕೊಡ್ತೀನಿ ಈಗ."

ಮುಂದಿನ ವಾರ ಮತ್ತೆ ಎರಡು ಮನೆಯ ಮಕ್ಕಳನ್ನೂ ಅವರ ಚೀಟಿಗಳನ್ನೂ ಕರೆದುಕೊಂಡು ಅವರು ಅದೇ ಟ್ರೇನು ಹತ್ತಿದರು.